ಎಸಿಯ ಹೊಟ್ಟೆಯೊಳಗೊಂದು ಮಳೆಗಾಲ

ಮಾರ್ಚ್‌ನಲ್ಲಿ ಎಸಿ ಸರ್ವೀಸಿಗೆ ಬಂದ ಹುಡುಗ ಮುಂದಿನ ಕವರ್ ಬಿಚ್ಚಿ, ಕೆಳಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಪಂಪಿನಿಂದ ನೀರು ಹೊಡೆದ. ಬಕೆಟ್ಟಿಗೆ ಇಳಿದದ್ದು ಕಾಫಿ ಚರಟದಂಥ ಕಪ್ಪು ನೀರು. "ಬ್ಲೋವರ್ ತೊಳೆಸಿ ಎಷ್ಟು ವರ್ಷ ಆಯ್ತು ಸಾರ್?" ಅಂದ. ಗಾಳಿಯನ್ನು ಕೋಣೆಗೆ ತಳ್ಳುವ ಒಳಗಿನ ಫ್ಯಾನೇ ಬ್ಲೋವರ್. ಫಿಲ್ಟರ್ ತಿಂಗಳಿಗೊಮ್ಮೆ ನಾನೇ ತೊಳೀತೀನಲ್ಲ ಅಂದೆ. ಹುಡುಗ ಸುಮ್ನೆ ನಕ್ಕ.

ಎಸಿ ಹುಟ್ಟಿದ್ದೇ ತೇವ ತೆಗೆಯುವುದಕ್ಕೆ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಅತ್ತಿತ್ತ ಸರಿಯುತ್ತಿದ್ದವು. ಅದಕ್ಕೆ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ ಕಂಡುಕೊಂಡ ಉಪಾಯ ಇದು. ಮಂಗಳೂರಿನಂಥ ಊರಿನ ಸೆಕೆ ನೆನೆಸಿಕೊಳ್ಳಿ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಶೇ. 80 ತೇವ ಅಂದರೆ 24 ಗ್ರಾಂ. ಅದೇ ಗಾಳಿ ಎಸಿಯೊಳಗಿನ ತಣ್ಣನೆ ಲೋಹದ ಕೊಳವೆಗಳ ಸುರುಳಿಗೆ, ಅಂದರೆ 10 ಡಿಗ್ರಿಯ ಕಾಯಿಲ್‌ಗೆ ತಾಗಿದರೆ 9 ಗ್ರಾಂ ಮಾತ್ರ ಉಳಿಯುತ್ತದೆ. ಮಿಕ್ಕ 15 ಗ್ರಾಂ ಅಲ್ಲೇ ಹನಿಯಾಗಿ ಇಳಿಯುತ್ತದೆ. ಕೋಣೆ ಒಣಗುತ್ತದೆ, ಯಂತ್ರದ ಹೊಟ್ಟೆ ಒದ್ದೆ.

ಎಸಿ ಓಡುತ್ತಿರುವಾಗ ಇದರಿಂದ ಅಂಥ ತೊಂದರೆ ಇಲ್ಲ. ಕಾಯಿಲ್ ತಣ್ಣಗಿರುತ್ತದೆ, ನೀರು ಪೈಪಿನಲ್ಲಿ ಹರಿದುಹೋಗುತ್ತಿರುತ್ತದೆ. ತೊಂದರೆ ಶುರುವಾಗುವುದು ಬೆಳಗ್ಗೆ ರಿಮೋಟ್ ಒತ್ತಿ ಆಫ್ ಮಾಡಿದ ಮೇಲೆ. ಒದ್ದೆ ಕಾಯಿಲ್ ನಿಧಾನವಾಗಿ ಬೆಚ್ಚಗಾಗುತ್ತದೆ. ಕತ್ತಲು, ತೇವ, ತಿನ್ನಲು ಧೂಳು. ಬೂಷ್ಟಿಗೆ ಇನ್ನೇನು ಬೇಕು? ಆಸ್ಪರ್ಜಿಲಸ್ ಎಂಬ ಬೂಷ್ಟಿನ ಬೀಜಕಣದ ಅಗಲ ಬರೀ 2–3 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಎರಡು-ಮೂರು ಪಾಲು. ಅದನ್ನು ಎಸಿಯ ಬಲೆ ಫಿಲ್ಟರ್ ತಡೆಯುತ್ತದೆ ಅನ್ನುವುದು, ಜರಡಿಯಲ್ಲಿ ನೀರು ಹಿಡಿಯುತ್ತೇನೆ ಅಂದಹಾಗೆ. ರಾತ್ರಿ ಮತ್ತೆ ಆನ್ ಮಾಡಿದಾಗ ಮೊದಲು ಬರುವ ಆ ಮುಗ್ಗಲು ವಾಸನೆ ಇದೆಯಲ್ಲ, ಅದೇ ಗುರುತು. ಅದರ ಮೇಲೆ ರೂಮ್ ಫ್ರೆಶ್ನರ್ ಹೊಡೆಯುವವರಿಗೆ ಏನು ಹೇಳೋಣ!

ಈ ಬೀಜಕಣಗಳು ಉಸಿರಿನ ಜೊತೆ ಒಳಗೆ ಹೋದರೆ ಮಕ್ಕಳಿಗೆ ಯಾಕೆ ಜಾಸ್ತಿ ತೊಂದರೆ? ಎರಡು ವರ್ಷದ ಮಗು ನಿಮಿಷಕ್ಕೆ ಸುಮಾರು 25–30 ಸಲ ಉಸಿರಾಡುತ್ತದೆ, ನಾವು 12–20 ಸಲ. ಅವರ ಉಸಿರಿನ ನಾಳವೂ ಸಣ್ಣದು. ನಾಳದ ಅಗಲ ಅರ್ಧಕ್ಕೆ ಇಳಿದರೆ ಗಾಳಿ ನುಗ್ಗುವುದು 16 ಪಟ್ಟು ಕಷ್ಟ. ನಮಗೆ ಬರೀ ಗಂಟಲು ಕೆರೆತ ತರುವ ಊತ ಮಗುವಿಗೆ ಉಬ್ಬಸವಾಗಬಹುದು. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಕೆಮ್ಮು, ಉಬ್ಬಸ, ಅಸ್ತಮಾ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ.

ಹಾಗಂತ ಎಲ್ಲ ಕೆಮ್ಮನ್ನೂ ಎಸಿಯ ತಲೆಗೆ ಕಟ್ಟಬೇಡಿ. ಎಷ್ಟೋ ಸಲ ಅದು ನರ್ಸರಿಯಿಂದ ಹೊತ್ತು ತಂದ ವೈರಸ್ ಅಷ್ಟೇ. ಆದರೆ ಅಜ್ಜಿ ಮನೆಗೆ ಹೋದಾಗ ನಿಂತ ಕೆಮ್ಮು ಎಸಿ ಕೋಣೆಗೆ ವಾಪಸ್ ಬಂದ ರಾತ್ರಿಯೇ ಮರಳಿದರೆ, ಡಾಕ್ಟರಿಗೆ ಅದನ್ನು ತಪ್ಪದೆ ಹೇಳಿ. ಒಮ್ಮೆ ಎಸಿ ಆಫ್ ಮಾಡಿ, ಗಾಳಿ ಬರುವ ಬಾಯಿಗೆ ಟಾರ್ಚ್ ಬಿಟ್ಟು ನೋಡಿ. ಉರುಟು ಬ್ಲೋವರಿನ ರೆಕ್ಕೆಗಳ ಮೇಲೆ ಕಪ್ಪು ಚುಕ್ಕೆ ಕಂಡರೆ ಬರೀ ಫಿಲ್ಟರ್ ತೊಳೆದು ಪ್ರಯೋಜನವಿಲ್ಲ.

ಹುಡುಗ ಹೋಗುವಾಗ ಒಂದು ಮಾತು ಹೇಳಿದ. "ಆಫ್ ಮಾಡೋ ಮುಂಚೆ ಅರ್ಧ ಗಂಟೆ ಫ್ಯಾನ್ ಮೋಡಲ್ಲಿ ಬಿಡಿ ಸಾರ್, ಒಣಗ್ಲಿ." ಈಗ ಬೆಳಗ್ಗೆ ಎದ್ದವನೇ ಅದನ್ನು ಒತ್ತಿ, ಕಿಟಕಿ ತೆಗೆದು, ಕಾಫಿಗೆ ನೀರಿಡುತ್ತೇನೆ. ಪೇಪರ್ ಓದಿ ಮುಗಿಸಿದ ಮೇಲೆ ಆಫ್.