ಪಂಚಾಂಗದ ಮೇಲಿನ ಹೆಬ್ಬೆರಳ ಗುರುತು

ಕಳ್ಳತನವಾದ ಮನೆಯಲ್ಲಿ ಬೆರಳಚ್ಚು ಸಿಕ್ಕರೆ ಕೇಸ್ ಮುಗಿದಂತೆ ಅಂತ ಬಹಳ ಜನ ತಿಳಿದಿದ್ದಾರೆ. ಬೆರಳಚ್ಚು ಪರೀಕ್ಷೆಯೇ ನನ್ನ ಕೆಲಸ. ಅದು ಕೊಡುವುದು ಒಂದೇ ಪ್ರಶ್ನೆಗೆ ಉತ್ತರ: ಈ ಬೆರಳು ಈ ವಸ್ತುವನ್ನು ಮುಟ್ಟಿತ್ತಾ? ಯಾವಾಗ, ಯಾಕೆ ಅನ್ನುವುದನ್ನು ತನಿಖಾಧಿಕಾರಿ ಬೇರೆ ಕಡೆಯಿಂದ ಹುಡುಕಬೇಕು.

ಈ ವಿಷಯ ನಮ್ಮ ದೇಶದ ಕೋರ್ಟಿಗೆ 1898ರಲ್ಲೇ ಎದುರಾಗಿತ್ತು. ಬಂಗಾಳದ ಜಲಪಾಯ್‌ಗುರಿಯ ಚಹಾ ತೋಟದ ಮ್ಯಾನೇಜರ್ ಒಬ್ಬರು ಕೊಲೆಯಾದರು. ಹಣ ಕಳುವಾಗಿತ್ತು. ಕಣ್ಣಾರೆ ಕಂಡವರು ಯಾರೂ ಇಲ್ಲ. ಅಲ್ಲಿದ್ದ ಒಂದು ಬಂಗಾಳಿ ಪಂಚಾಂಗದ ಮೇಲೆ ಕಂದು ಬಣ್ಣದ ಕಲೆ ಇತ್ತು, ಅದರೊಳಗೆ ಹೆಬ್ಬೆರಳ ಗೆರೆಗಳು. ಕಲ್ಕತ್ತಾದಲ್ಲಿ ಹಿಂದಿನ ವರ್ಷವಷ್ಟೇ, ಅಂದರೆ 1897ರಲ್ಲಿ, ಬೆರಳಚ್ಚು ಬ್ಯೂರೋ ಶುರುವಾಗಿತ್ತು. ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅಚ್ಚುಗಳನ್ನು ವಿಂಗಡಿಸುವ ಲೆಕ್ಕಾಚಾರವನ್ನು ರೂಪಿಸಿದ್ದರು. ಅದಕ್ಕೆ ಜಗತ್ತಿನಲ್ಲೆಲ್ಲ ಉಳಿದ ಹೆಸರು ಮಾತ್ರ ಅವರ ಮೇಲಧಿಕಾರಿ ಹೆನ್ರಿಯದು. ನನಗೆ ಇವತ್ತಿಗೂ ಇದು ಬೇಸರದ ಸಂಗತಿ.

ಪಂಚಾಂಗದ ಗುರುತು ಕಾಂಗಾಲಿ ಚರಣ್ ಎಂಬ ಹಳೆಯ ಕೆಲಸದವನ ಅಚ್ಚಿಗೆ ಹೊಂದಿತು. ಹಿಂದೊಮ್ಮೆ ಕಳ್ಳತನಕ್ಕೆ ಶಿಕ್ಷೆಯಾಗಿದ್ದರಿಂದ ಅವನ ಅಚ್ಚು ದಾಖಲೆಯಲ್ಲಿತ್ತು. ಕೋರ್ಟ್ ಅವನಿಗೆ ಕಳ್ಳತನಕ್ಕೆ ಶಿಕ್ಷೆ ಕೊಟ್ಟಿತು. ಕೊಲೆ ಆರೋಪದಿಂದ ಬಿಟ್ಟಿತು. ಅವನು ಅಲ್ಲಿದ್ದ ಅನ್ನುವುದು ಸಾಬೀತಾಗಿತ್ತು, ಕೊಂದವನು ಅವನೇ ಅನ್ನುವುದು ಆಗಿರಲಿಲ್ಲ. ಆ ಕಾಲಕ್ಕೆ ಅದು ತುಂಬಾ ಎಚ್ಚರಿಕೆಯ ತೀರ್ಪು ಅಂತಲೇ ನನ್ನ ಅಭಿಪ್ರಾಯ. ಮರುವರ್ಷ, 1899ರಲ್ಲಿ, ಸಾಕ್ಷ್ಯ ಕಾಯ್ದೆಗೆ ತಿದ್ದುಪಡಿ ಬಂದು ಬೆರಳಚ್ಚು ತಜ್ಞರ ಅಭಿಪ್ರಾಯಕ್ಕೆ ಜಾಗ ಸಿಕ್ಕಿತು.

ಸ್ಪಾಟ್‌ನಲ್ಲಿ ಸಿಗುವ ಗುರುತನ್ನು ನಾವು ಚಾನ್ಸ್ ಪ್ರಿಂಟ್ ಅನ್ನುತ್ತೇವೆ. ಗಾಜಿನ ಮೇಲಾದರೆ ಪುಡಿ ಸಾಕು. ಕಾಗದಕ್ಕೆ ನಿನ್‌ಹೈಡ್ರಿನ್ ಅನ್ನುವ ರಾಸಾಯನಿಕ ಬೇಕು. ಅದು ಬೆವರಿನ ಅಮೈನೋ ಆಮ್ಲದ ಜೊತೆ ಸೇರಿ ನೇರಳೆ ಬಣ್ಣ ಬರುತ್ತದೆ. ಪ್ಲಾಸ್ಟಿಕ್ ಇದ್ದರೆ ಫೆವಿಕ್ವಿಕ್ ತರಹದ ಅಂಟಿನ ಹೊಗೆ ಹಾಯಿಸುತ್ತೇವೆ, ಗೆರೆಗಳು ಬೆಳ್ಳಗೆ ಎದ್ದು ಕಾಣುತ್ತವೆ.

ಆದರೆ ಬಹಳ ಸಲ ಸಿಗುವುದು ಅರ್ಧಂಬರ್ಧ, ಕದಡಿದ ಗುರುತು. ಅಪಾಯ ಇರುವುದು ಅಲ್ಲೇ. 2004ರಲ್ಲಿ ಸ್ಪೇನ್‌ನ ಮ್ಯಾಡ್ರಿಡ್ ರೈಲು ಸ್ಫೋಟದ ನಂತರ ಒಂದು ಪ್ಲಾಸ್ಟಿಕ್ ಚೀಲದ ಮೇಲೆ ಸಿಕ್ಕ ಗುರುತು ಅಮೆರಿಕದ ಒರೆಗಾನ್ ರಾಜ್ಯದ ವಕೀಲರೊಬ್ಬರದ್ದೇ ಅಂತ ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐ ಹೇಳಿತು. ಅವರನ್ನು ಎರಡು ವಾರ ಬಂಧನದಲ್ಲಿಟ್ಟರು. ಅದು ಬೇರೆಯವನದ್ದು ಅಂತ ಸ್ಪೇನ್ ಪೊಲೀಸರು ತೋರಿಸಿದರು. ಎರಡು ಅಚ್ಚುಗಳಲ್ಲಿ ಹೋಲಿಕೆ ಜಾಸ್ತಿ ಇತ್ತು ನಿಜ. ಹೊಂದದ ಜಾಗಗಳನ್ನು ತೂಗಿ ನೋಡಿದ್ದು ಸಾಲದಾಯಿತು. ಅದಕ್ಕೇ ಮೊದಲ ತಜ್ಞರ ಉತ್ತರ ಗೊತ್ತಿಲ್ಲದ ಇನ್ನೊಬ್ಬರು ಹೊಸದಾಗಿ ನೋಡಬೇಕು ಅಂತ ನಾನು ಹಟ ಹಿಡಿಯುತ್ತೇನೆ.

ನಿಮ್ಮ ಮನೆಯಲ್ಲೇ ಕಳ್ಳತನವಾದರೆ ಕಸ ಗುಡಿಸಬೇಡಿ. ಬೀರು ಮುಚ್ಚಬೇಡಿ. ರಕ್ತ ಅಂಟಿದ ಬಟ್ಟೆ ಕಂಡರೆ ಪ್ಲಾಸ್ಟಿಕ್ ಕವರಿಗೆ ತುಂಬಬೇಡಿ, ಬೂಸ್ಟು ಹಿಡಿದು ಡಿಎನ್‌ಎ ಹಾಳಾಗುತ್ತದೆ. ಇದ್ದಲ್ಲೇ ಬಿಡಿ. ನಾವು ಬಂದಾಗ ಮನೆಯವರ ಬೆರಳಚ್ಚನ್ನೂ ಕೇಳುತ್ತೇವೆ. “ನಮ್ಮ ಮೇಲೇ ಅನುಮಾನನಾ ಸರ್?” ಅಂತ ಕೆಲವರು ನೊಂದುಕೊಳ್ಳುತ್ತಾರೆ. ಬೀರುವಿನ ಮೇಲೆ ಮನೆಯವರ ಗುರುತೇ ಜಾಸ್ತಿ ಇರುತ್ತದೆ ಅಲ್ವಾ? ಅವನ್ನು ಮೊದಲು ಬದಿಗಿಟ್ಟರೆ ಹೊರಗಿನವರದ್ದು ಬೇಗ ಸಿಗುತ್ತದೆ.