ಎಳನೀರಿಗೆ ಮುಂಚೆ ಮಾತ್ರೆ ಶೀಟು ತೋರಿಸಿ

"ನೀರು ಹೋಗೋ ಮಾತ್ರೆ ತಗೊಳ್ತಿದೀನಿ ಡಾಕ್ಟ್ರೇ, ದಿನಾ ಎಳನೀರು ಕುಡೀಬಹುದಾ?" ಬೇಸಿಗೆ ಬಂತೆಂದರೆ ಈ ಪ್ರಶ್ನೆ ಶುರು. ಪಕ್ಕದ ಮನೆಯವರಿಗೆ ಅವರ ಡಾಕ್ಟರು ಕುಡಿಯಲು ಹೇಳಿರುತ್ತಾರೆ, ಇವರಿಗೂ ಅದೇ ಆಸೆ. ನಾನು ಮೊದಲು ಮಾತ್ರೆಯ ಶೀಟು ಕೇಳುತ್ತೇನೆ. ಎಳನೀರಿನಲ್ಲಿ ಪೊಟ್ಯಾಸಿಯಂ ಎಂಬ ಲವಣ ಜಾಸ್ತಿ, ನೀರು ಹೋಗೋ ಮಾತ್ರೆಗಳೋ ಒಂದೇ ಜಾತಿಯವಲ್ಲ: ಕೆಲವು ಅದನ್ನು ಇಳಿಸುತ್ತವೆ, ಕೆಲವು ಏರಿಸುತ್ತವೆ.

ಲೇಸಿಕ್ಸ್ ಎಂದು ಎಲ್ಲರಿಗೂ ಗೊತ್ತಿರುವ ಫ್ಯೂರೋಸೆಮೈಡ್, ಟಾರ್ಸೆಮೈಡ್, ಬಿ.ಪಿ.ಗೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್‌ಥ್ಯಾಲಿಡೋನ್ ಇವೆಲ್ಲ ಕಿಡ್ನಿಯಿಂದ ಸೋಡಿಯಂ ವಾಪಸ್ ರಕ್ತಕ್ಕೆ ಹೋಗದಂತೆ ತಡೆಯುತ್ತವೆ. ಅದರ ಹಿಂದೆಯೇ ನೀರೂ ಹೋಗುತ್ತದೆ. ಆದರೆ ಕಿಡ್ನಿಯ ಕೊಳವೆಯ ಕೊನೆ ಭಾಗದಲ್ಲಿ ಸ್ವಲ್ಪ ಸೋಡಿಯಂ ಒಳಗೆ ಸೇರುತ್ತದೆ, ಬದಲಿಗೆ ಪೊಟ್ಯಾಸಿಯಂ ಉಚ್ಚೆಗೆ ಬೀಳುತ್ತದೆ. ಅಲ್ಲಿಗೆ ಸೋಡಿಯಂ ಜಾಸ್ತಿ ಬಂದಷ್ಟೂ ಪೊಟ್ಯಾಸಿಯಂ ಜಾಸ್ತಿ ಸೋರುತ್ತದೆ. ಸ್ಪೈರೋನೋಲ್ಯಾಕ್ಟೋನ್ ಎಂಬ ಇನ್ನೊಂದು ಜಾತಿಯ ನೀರು ಹೋಗೋ ಮಾತ್ರೆ ಈ ಅದಲುಬದಲನ್ನೇ ತಗ್ಗಿಸುತ್ತದೆ. ನೀರು ಹೋಗುತ್ತದೆ, ಪೊಟ್ಯಾಸಿಯಂ ಒಳಗೇ ಉಳಿಯುತ್ತದೆ. ಡೈಟರ್ ಪ್ಲಸ್ ಎಂಬ ಮಾತ್ರೆಯಲ್ಲಿ ಟಾರ್ಸೆಮೈಡ್, ಸ್ಪೈರೋನೋಲ್ಯಾಕ್ಟೋನ್ ಎರಡೂ ಇವೆ. ಆ 'ಪ್ಲಸ್' ಕಣ್ಣಿಗೆ ಬೀಳದಿದ್ದರೆ ಲೆಕ್ಕವೇ ತಪ್ಪುತ್ತದೆ.

ರಕ್ತದಲ್ಲಿ ಪೊಟ್ಯಾಸಿಯಂ 3.5ರಿಂದ 5ರ ಆಸುಪಾಸಿನಲ್ಲಿರಬೇಕು. ಕಡಿಮೆಯಾದರೆ ಸುಸ್ತು, ಮೀನಖಂಡ ಹಿಡಿಯುವುದು, ಮಲಬದ್ಧತೆ. ಹೃದಯಕ್ಕೆ ಕೊಡುವ ಡಿಜಾಕ್ಸಿನ್ ತಗೊಳ್ಳುವವರಿಗಂತೂ ಹೃದಯದ ತಾಳವೇ ತಪ್ಪಬಹುದು. ಜಾಸ್ತಿಯಾದರೆ? ಎಷ್ಟೋ ಸಲ ಏನೂ ಗೊತ್ತಾಗುವುದಿಲ್ಲ. ನನಗೆ ಹೆಚ್ಚು ಭಯ ಇದರದ್ದೇ.

ಹೃದಯ ದುರ್ಬಲವಾಗಿದ್ದ ಹಿರಿಯರೊಬ್ಬರು ಸ್ವಲ್ಪ ನಿಶ್ಶಕ್ತಿ ಎಂದು ಬಂದರು, ಅಷ್ಟೇ. ವರದಿಯಲ್ಲಿ ಪೊಟ್ಯಾಸಿಯಂ 6.4, ಇಸಿಜಿಯಲ್ಲಿ ಟಿ ಅಲೆಗಳು ಎತ್ತರವಾಗಿ ಚೂಪಾಗಿ ನಿಂತಿದ್ದವು, ಅಂದರೆ ಏರಿದ ಪೊಟ್ಯಾಸಿಯಂ ಹೃದಯಕ್ಕೆ ತಟ್ಟುತ್ತಿತ್ತು. ಚೀಟಿಯಲ್ಲಿ ಬಿ.ಪಿ., ಹೃದಯಕ್ಕೆ ಕೊಡುವ ರಾಮಿಪ್ರಿಲ್, ಸ್ಪೈರೋನೋಲ್ಯಾಕ್ಟೋನ್ ಇದ್ದವು. ಎರಡೂ ಪೊಟ್ಯಾಸಿಯಂ ಏರಿಸುತ್ತವೆ, ಎರಡೂ ಅವರಿಗೆ ಬೇಕಾದವೇ. ಚೀಟಿಯಲ್ಲಿಲ್ಲದ ಎರಡು ಸಂಗತಿಗಳನ್ನು ಮಗಳು ಹೇಳಿದರು. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಂದ, ಪೊಟ್ಯಾಸಿಯಂ ಹೊರಹೋಗುವುದನ್ನು ತಗ್ಗಿಸುವ ಡೈಕ್ಲೋಫೆನಾಕ್, ಬಿ.ಪಿ.ಗೆ ಒಳ್ಳೇದು ಅಂತ ಯಾರೋ ಹೇಳಿದ 'ಲೋ ಸೋಡಿಯಂ' ಉಪ್ಪು. ಆ ಉಪ್ಪಿನಲ್ಲಿ ಸೋಡಿಯಂ ಕಡಿಮೆ ಮಾಡಿ ತುಂಬುವುದು ಪೊಟ್ಯಾಸಿಯಂ ಕ್ಲೋರೈಡನ್ನೇ!

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ತೀವ್ರ ಹೃದಯ ವೈಫಲ್ಯ ಇರುವವರಲ್ಲಿ ಸ್ಪೈರೋನೋಲ್ಯಾಕ್ಟೋನ್ ಸಾವು ಕಡಿಮೆ ಮಾಡುತ್ತದೆ ಎಂದು 1999ರಲ್ಲಿ ದೊಡ್ಡ ಅಧ್ಯಯನವೊಂದು ತೋರಿಸಿತು. ಕೆನಡಾದ ಒಂಟಾರಿಯೊದಲ್ಲಿ ಅದನ್ನು ಬರೆಯುವುದು ಒಮ್ಮೆಲೇ ಹೆಚ್ಚಾಯಿತು. ಜೊತೆಗೇ ಪೊಟ್ಯಾಸಿಯಂ ಏರಿ ಆಸ್ಪತ್ರೆ ಸೇರುವವರೂ ಹೆಚ್ಚಾದರು. ಔಷಧ ಒಳ್ಳೆಯದೇ, ರಕ್ತ ಪರೀಕ್ಷೆ ಅದರ ಜೊತೆಗೇ ನಡೆಯಬೇಕು.

ಬಿ.ಪಿ. ಮಾತ್ರೆಗಳಾದ ಟೆಲ್ಮಿಸಾರ್ಟನ್, ಲೋಸಾರ್ಟನ್ ಕೂಡ ಪೊಟ್ಯಾಸಿಯಂ ಏರಿಸುವ ಕಡೆಯವು. ಉರಿಮೂತ್ರಕ್ಕೆ ಕೊಡುವ ಸೆಪ್ಟ್ರಾನ್ ಕೂಡ ಹಾಗೇ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಇಳಿಸುವ ಕಡೆ ಸ್ಟೆರಾಯ್ಡ್, ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ನೆಬ್ಯುಲೈಸರ್, ಇನ್ಸುಲಿನ್ ಇವೆ. ಕೆಮ್ಮಿಗೆ ಅಂತ ದಿನಗಟ್ಟಲೆ ಜ್ಯೇಷ್ಠಮಧು ಅಗಿಯುವವರೂ ಈ ಸಾಲಿಗೇ ಸೇರುತ್ತಾರೆ. ಎಷ್ಟು ಪೊಟ್ಯಾಸಿಯಂ ಸಿರಪ್ ಕೊಟ್ಟರೂ ಏರದಿದ್ದರೆ ಮೆಗ್ನೀಸಿಯಂ ನೋಡಿಸಬೇಕು. ಅದು ಕಡಿಮೆಯಿದ್ದರೆ ಪೊಟ್ಯಾಸಿಯಂ ನಿಲ್ಲುವುದಿಲ್ಲ.

ಎಳನೀರಿನ ವಿಷಯಕ್ಕೆ ನನ್ನ ಅಂದಾಜು ಇಷ್ಟು: ಬರೀ ಲೇಸಿಕ್ಸ್ ಥರದ ಮಾತ್ರೆ, ಕಿಡ್ನಿ ಚೆನ್ನಾಗಿದೆ, ನೀರಿನ ಮಿತಿ ಹೇಳಿಲ್ಲ ಅಂದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಸ್ಪೈರೋನೋಲ್ಯಾಕ್ಟೋನ್ ಇದ್ದರೆ, ಕಿಡ್ನಿ ಕೆಲಸ ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಜಾಸ್ತಿ ಇದ್ದರೆ ಸುಮ್ನೆ ಕುಡಿಯಬೇಡಿ, ಕೇಳಿ. ಈ ಮಾತ್ರೆಗಳನ್ನು ಶುರು ಮಾಡಿದ ಅಥವಾ ಡೋಸ್ ಬದಲಿಸಿದ ಒಂದೆರಡು ವಾರದಲ್ಲಿ ಪೊಟ್ಯಾಸಿಯಂ, ಕ್ರಿಯಾಟಿನಿನ್ ಮಾಡಿಸಿ. ವಾಂತಿಭೇದಿ ಹತ್ತಿದ ದಿನ ಮಾತ್ರೆ ನುಂಗುವ ಮುಂಚೆಯೇ ಡಾಕ್ಟರಿಗೆ ಫೋನ್ ಮಾಡಿ. ಯಾವುದನ್ನು ಎರಡು ದಿನ ತಡೆಹಿಡಿಯಬೇಕು, ಯಾವುದನ್ನು ಬಿಡಲೇಬಾರದು ಎಂದು ಅವರು ಹೇಳುತ್ತಾರೆ.