ಗಂಧಕ ಕೈಬಿಟ್ಟಲ್ಲಿ ಚಿನ್ನ

ಬಿಳಿ ಬೆಣಚುಕಲ್ಲಿನ ಎಳೆಯಲ್ಲಿ ಚಿನ್ನ ಮಿನುಗುವುದನ್ನು ಕಂಡರೆ, ಅದು ಕರಗಿ ಹರಿದು ಬಂದು ಬಿರುಕಿನಲ್ಲಿ ಗಟ್ಟಿಯಾಗಿದೆ ಅನ್ನಿಸುತ್ತದೆ. ಹಾಗೇನಿಲ್ಲ. ಚಿನ್ನ ಕರಗಲು 1064 ಡಿಗ್ರಿ ಸೆಲ್ಸಿಯಸ್ ಬೇಕು. ಇಂಥ ಎಳೆಗಳು ಹೆಚ್ಚಾಗಿ ಹುಟ್ಟಿದ್ದು 200ರಿಂದ 400 ಡಿಗ್ರಿಯಲ್ಲಿ. ಚಿನ್ನವನ್ನು ಹೊತ್ತು ತಂದದ್ದು ಬಿಸಿನೀರು.

ಆ ನೀರಿನ ಹನಿಗಳು ಇವತ್ತಿಗೂ ಕಲ್ಲಿನೊಳಗಿವೆ. ಬೆಣಚುಕಲ್ಲು ಬೆಳೆಯುವಾಗ ಸಿಕ್ಕಿಬಿದ್ದ ಹನಿ ತಣ್ಣಗಾದಂತೆ ಕುಗ್ಗುತ್ತದೆ, ಒಳಗೊಂದು ಗುಳ್ಳೆ ಮೂಡುತ್ತದೆ. ಕಲ್ಲಿನ ತೆಳು ಹೋಳನ್ನು ಸೂಕ್ಷ್ಮದರ್ಶಕದಡಿ ಕಾಯಿಸುತ್ತಾ ಹೋದರೆ ಒಂದು ಹಂತದಲ್ಲಿ ಗುಳ್ಳೆ ಮಾಯ. ಅಂದರೆ ಕಲ್ಲು ಹುಟ್ಟಿದಾಗ ಕನಿಷ್ಠ ಅಷ್ಟು ಬಿಸಿ ಇತ್ತು. 1858ರಲ್ಲೇ ಇಂಗ್ಲೆಂಡಿನ ಭೂವಿಜ್ಞಾನಿ ಹೆನ್ರಿ ಸೋರ್ಬಿ ಈ ಉಪಾಯ ತೋರಿಸಿದ್ದರು.

ಈ ನೀರು ಬರುವ ದಾರಿಗಳು ಹಲವು: ನೆಲದಾಳದ ಕರಗಿದ ಕಲ್ಲಿನಿಂದ (ಶಿಲಾಪಾಕ), ಆಳಕ್ಕೆ ಇಳಿದ ಮಳೆನೀರು ಮತ್ತು ಸಮುದ್ರದ ನೀರಿನಿಂದ, ಇಲ್ಲವೇ ಹೂತುಹೋದ ಬಂಡೆ ಬಿಸಿಯಾಗಿ ತನ್ನ ಖನಿಜಗಳೊಳಗಿನ ನೀರನ್ನು ಬಿಟ್ಟುಕೊಟ್ಟಾಗ.

ಆದರೆ ಬರೀ ನೀರಿಗೆ ಚಿನ್ನ ಬಗ್ಗುವುದಿಲ್ಲ. ಜೊತೆಗಾರ ಬೇಕು. ತಾಮ್ರ, ಸತು, ಸೀಸಗಳನ್ನು ಸಾಮಾನ್ಯವಾಗಿ ಉಪ್ಪುನೀರಿನ ಕ್ಲೋರೈಡ್ ಹಿಡಿದುಕೊಂಡು ಬರುತ್ತದೆ. ಚಿನ್ನಕ್ಕೆ ಹೆಚ್ಚಾಗಿ ಗಂಧಕವೇ ಬೇಕು. ಮಾಮೂಲಿ ಬಂಡೆಯ ಒಂದು ಟನ್‌ನಲ್ಲಿ ಇರುವುದು ಕೆಲವೇ ಮಿಲಿಗ್ರಾಂ ಚಿನ್ನ. ಗಣಿ ನಡೆಸಲು ಸಾಮಾನ್ಯವಾಗಿ ಒಂದು ಗ್ರಾಂ ಆಸುಪಾಸು ಇಲ್ಲವೇ ಅದಕ್ಕಿಂತ ಹೆಚ್ಚು ಬೇಕು. ಅಷ್ಟು ಒಂದೆಡೆ ಸೇರಬೇಕಾದರೆ ಲೆಕ್ಕವಿಲ್ಲದಷ್ಟು ನೀರು ಅದೇ ಬಿರುಕಿನಲ್ಲಿ ಹಾದುಹೋಗಬೇಕು, ಹೋಗುವಾಗ ಚಿನ್ನವನ್ನು ಅಲ್ಲೇ ಬಿಟ್ಟೂ ಹೋಗಬೇಕು.

ನನ್ನ ಮಟ್ಟಿಗೆ ಇಡೀ ಕಥೆಯ ಸ್ವಾರಸ್ಯ ಇರುವುದು ಈ 'ಬಿಟ್ಟುಹೋಗುವ' ಭಾಗದಲ್ಲೇ. ನೀರು ಮೇಲಕ್ಕೆ ಬಂದು ಒತ್ತಡ ಇಳಿದಾಗ ಕುದಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲ ಹಾರಿಹೋಗುತ್ತದೆ. ಗಂಧಕ ಕೈಬಿಟ್ಟ ಮೇಲೆ ಚಿನ್ನ ನೀರಿನಲ್ಲಿ ಉಳಿಯುವುದಾದರೂ ಹೇಗೆ? ನ್ಯೂಜಿಲೆಂಡಿನ ಓಹಾಕಿ ಭೂಶಾಖ ಬಾವಿಗಳಲ್ಲಿ ಇದು ಕಣ್ಣೆದುರೇ ಕಂಡಿತು. ಪೈಪಿನಲ್ಲಿ ಒತ್ತಡ ದಿಢೀರನೆ ಇಳಿಯುವ ಜಾಗದಲ್ಲಿ ಕಟ್ಟಿದ ಪದರವನ್ನು 1980ರ ದಶಕದಲ್ಲಿ ಪರೀಕ್ಷಿಸಿದಾಗ ಅದರಲ್ಲಿ ಚಿನ್ನ, ಬೆಳ್ಳಿ ಇದ್ದವು!

ಭೂಕಂಪವೂ ಇದೇ ಕೆಲಸ ಮಾಡಬಲ್ಲದು. ಬಿರುಕು ಬಾಯಿ ತೆರೆದೊಡನೆ ಒತ್ತಡ ಕುಸಿಯುತ್ತದೆ, ಬೆಣಚು ತುಂಬಿಕೊಂಡು ಬಿರುಕು ಮುಚ್ಚುತ್ತದೆ, ಮತ್ತೆ ಒಡೆಯುತ್ತದೆ. ಅನೇಕ ಎಳೆಗಳು ಪದರ ಪದರವಾಗಿ ಕಾಣುವುದು ಅದಕ್ಕೇ.

ಕ್ಲೋರೈಡ್ ಹೊತ್ತ ಲೋಹಗಳಿಗೆ ತಣ್ಣಗಾದರೂ ಸಾಕು. 1979ರಲ್ಲಿ ಪೂರ್ವ ಪೆಸಿಫಿಕ್ ತಳದಲ್ಲಿ ಕಂಡ 'ಕರಿ ಹೊಗೆ'ಯ ಕೊಳವೆಗಳು ಇದಕ್ಕೆ ಸಾಕ್ಷಿ. ಸುಮಾರು 350 ಡಿಗ್ರಿಯ ನೀರು ತಣ್ಣನೆಯ ಕಡಲನ್ನು ಮುಟ್ಟಿದೊಡನೆ ಕಬ್ಬಿಣ, ತಾಮ್ರ, ಸತುವಿನ ಸಲ್ಫೈಡ್‌ಗಳು ಪುಡಿಯಾಗಿ ಉದುರುತ್ತವೆ. ಹೊಗೆಯಂತೆ ಕಾಣುವುದು ಈ ಪುಡಿಯೇ.

ಚಿನ್ನದ ಜೊತೆಗಾರ ಗಂಧಕವನ್ನು ಕದಿಯುವ ಇನ್ನೊಬ್ಬ ಕಳ್ಳನಿದ್ದಾನೆ: ಕಬ್ಬಿಣ. ಕಬ್ಬಿಣ ಜಾಸ್ತಿ ಇರುವ ಬಂಡೆಯನ್ನು ನೀರು ಮುಟ್ಟಿದರೆ ಕಬ್ಬಿಣವು ಗಂಧಕವನ್ನು ಕಸಿದುಕೊಂಡು ಪೈರೈಟ್ ಆಗುತ್ತದೆ. ಹಳದಿಯಾಗಿ ಹೊಳೆದು ಜನರನ್ನು ಮೋಸಗೊಳಿಸುವ ಕಲ್ಲು ಅದೇ ಅಲ್ವಾ? ತಮಾಷೆಯೆಂದರೆ, ಎಷ್ಟೋ ಗಣಿಗಳಲ್ಲಿ ನಿಜವಾದ ಚಿನ್ನ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಆ ಪೈರೈಟ್‌ನೊಳಗೇ ಕೂತಿರುತ್ತದೆ. ಅದನ್ನು ಬಿಡಿಸಲು ಅದಿರನ್ನು ಪುಡಿಮಾಡಿ, ಹುರಿದು, ಗಂಧಕವನ್ನು ಇನ್ನೊಮ್ಮೆ ಓಡಿಸಬೇಕಾಗುತ್ತದೆ.